ಹಿಂಬಾಗಿಲಿಗೆ ಅಡ್ಡವಿಟ್ಟ ಬೇಸ್ ಪೆಟ್ಟಿಗೆ

ನಾನು ಕ್ಲಿಫರ್ಡ್ ಬ್ರಾಮಲ್, ವಯಸ್ಸು 58, ಬಸ್ ಚಾಲಕ, ಬಿಡುವಿನಲ್ಲಿ ಬೇಸ್ ಗಿಟಾರ್ ನುಡಿಸುವವನು, ವಾಸ ಹೀಲಿ, ಶೆಫೀಲ್ಡ್. ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನೀವು ಹಿಡಿದು ತಂದ ಕಟ್ಟಡದ ಕಾವಲುಗಾರ ಆರ್ಥರ್ ಸಗ್ಡನ್ ಅವರು ಹಿಂಬಾಗಿಲಿಗೆ ಬೀಗ ಹಾಕಿರಲಿಲ್ಲ. ಆ ಬಾಗಿಲು ತೆರೆಯದಂತೆ ಮಾಡಿದವನು ನಾನು.

ಭಾನುವಾರ ಮಧ್ಯಾಹ್ನ 1.30ಕ್ಕೆ ನಾನೂ ಡ್ರಮ್ ಬಾರಿಸುವ ಬ್ರೆಂಡಾ ಸ್ಟ್ಯಾನಿಫೋರ್ತಳೂ ಹಳೆಯ ಚಾಕು ಕಾರ್ಖಾನೆಯ ನೆಲಮಹಡಿಯ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತೆವು. ಇಪ್ಪತ್ತೆರಡು ವರ್ಷದ ಜೊತೆ. ಅಂದು ಬೇಸ್ ಸಪ್ಪೆಯಾಗಿತ್ತು. ಆಂಪ್ಲಿಫೈಯರ್ ಪೂರ್ತಿ ಏರಿಸಿದರೆ ದನಿ ಗೊರಗೊರ ಒಡೆಯಿತು. "ಇದೇನ್ ಬೇಸೋ, ಒದ್ದೆ ರಟ್ಟಿಗೆ ಬಡಿದಂಗಿದೆ" ಎಂದು ಬ್ರೆಂಡಾ ಹಂಗಿಸಿದಳು.

ಸ್ಪೀಕರ್ ಪೆಟ್ಟಿಗೆಯನ್ನು ಮೂಲೆಗೆ ಒತ್ತಿದರೆ ಎರಡು ಗೋಡೆ ಸೇರಿ ದನಿಯನ್ನು ದಪ್ಪ ಮಾಡುತ್ತವೆ. ಖಾಲಿ ಇದ್ದದ್ದು ಹಿಂಬಾಗಿಲಿನ ಮೂಲೆ ಮಾತ್ರ. 2.10ಕ್ಕೆ ಬ್ರೆಂಡಾ ಅದೇ ಬಾಗಿಲು ಒಳಕ್ಕೆಳೆದು, ಅಂಗಳದಲ್ಲಿ ಸಿಗರೇಟು ಸೇದಿ ಬಂದಳು. 2.20ಕ್ಕೆ ಇಬ್ಬರೂ ಸೇರಿ 64 ಕಿಲೋ ಪೆಟ್ಟಿಗೆಯನ್ನು ಆ ಬಾಗಿಲಿಗೆ ಒತ್ತಿದೆವು. ಗಾಲಿಯ ಮೇಲಿದ್ದರೆ ದನಿ ಸಡಿಲವೆಂದು ನಾಲ್ಕೂ ಗಾಲಿ ಬಿಚ್ಚಿ ನೆಲಕ್ಕೆ ಕೂರಿಸಿದೆ. "ಬಾಗಿಲಿಗೆ ಅಡ್ಡ ಆಯ್ತಲ್ಲೋ ಕ್ಲಿಫ್" ಎಂದಳು. ಒಂದು ಗಂಟೆಯ ಮಾತು, ಬಾಯಿ ಮುಚ್ಚಿಕೊಂಡು ಬಾರಿಸು ಎಂದು ನಾನು ಹೇಳಿದೆ. ಬಾರಿಸಿದಳು. "ಈಗ ನೋಡು, ಹೊಟ್ಟೆಗೇ ಗುದ್ದುತ್ತೆ. ಭೇಷ್ ಮುದುಕಪ್ಪ!" ಎಂದು ನಕ್ಕಳು.

ಪೆಟ್ಟಿಗೆಯ ಪಕ್ಕ ನಿಂತವನಿಗೆ ಬೇಸಿನ ನಿಜವಾದ ದನಿ ಸಿಗುವುದಿಲ್ಲ. ಆದ್ದರಿಂದ ಉದ್ದದ ವೈರು ಸಿಕ್ಕಿಸಿಕೊಂಡು ಒಂಬತ್ತು ಮೀಟರ್ ದೂರ, ಮುಂಬಾಗಿಲಲ್ಲಿ ನಿಂತು ನುಡಿಸಿದೆ. ಅಷ್ಟು ಒಳ್ಳೆಯ ದನಿ ನನ್ನ ಕೈಯಿಂದ ಎಂದೂ ಬಂದಿರಲಿಲ್ಲ.

2.45ಕ್ಕೆ, ನಮ್ಮಿಬ್ಬರ ನಡುವೆ ಇದ್ದ ಹೀಟರಿನಿಂದ, ದನಿ ಗೋಡೆಗೆ ಬಡಿದು ಮರಳದಿರಲೆಂದು ಅಂಟಿಸಿದ್ದ ಸ್ಪಂಜಿಗೆ ಬೆಂಕಿ ಹತ್ತಿತು. ಒಂದು ನಿಮಿಷವೂ ಆಗಲಿಲ್ಲ, ಕೋಣೆಯೆಲ್ಲ ಕಪ್ಪು ಹೊಗೆ. "ಕ್ಲಿಫ್, ಪೆಟ್ಟಿಗೆ ತೆಗಿಯೋ" ಎಂದು ಬ್ರೆಂಡಾ ಹಿಂಬಾಗಿಲ ಕಡೆಯಿಂದ ಎರಡು ಸಲ ಕೂಗಿದಳು. ನಾನು ಎರಡು ಹೆಜ್ಜೆ ಒಳಗೆ ಹೋಗಿ ಹಿಂದಕ್ಕೆ ಬಂದೆ. ಹೆದರಿದೆ. ಮೂರನೆಯ ಸಲ ಅವಳು ಕೂಗಲಿಲ್ಲ.

ಸಗ್ಡನ್ ಅವರು ಅಂಗಳಕ್ಕೆ ಓಡಿಹೋಗಿ ಹಿಂಬಾಗಿಲಲ್ಲಿ ಬೀಗದ ಕೈ ತಿರುಗಿಸುತ್ತಿದ್ದುದನ್ನು ನೆರೆಯವರು ನೋಡಿದ್ದಾರಂತೆ. ಬಾಗಿಲು ತೆರೆಯದ್ದಕ್ಕೆ ಬೀಗ ಬಿದ್ದಿದೆ ಎಂದು ಸಗ್ಡನ್ ಅಂದುಕೊಂಡರು, ಪಾಪ; ನೋಡಿದವರು ಬೀಗ ಹಾಕಿದ್ದು ಅವರೇ ಎಂದು ತಿಳಿದರು. ನಿನ್ನೆ ಅವರನ್ನು ಕರೆದೊಯ್ಯುವಾಗ ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನನ್ನ ಜನ್ಮಕ್ಕಿಷ್ಟು.

ಇಂದು ಬೆಳಿಗ್ಗೆ ಅಗ್ನಿಶಾಮಕದವರು ನೆಲದ ಗೀರನ್ನು ಅಳೆದರು. ಪೆಟ್ಟಿಗೆ ಹನ್ನೊಂದು ಸೆಂಟಿಮೀಟರ್ ಸರಿದಿತ್ತು. ಅಷ್ಟನ್ನು ಅವಳೊಬ್ಬಳೇ ಸರಿಸಿದ್ದಾಳೆ. ಆ ನಾಲ್ಕು ಗಾಲಿಗಳು ನನ್ನ ಕೋಟಿನ ಜೇಬಿನಲ್ಲೇ ಇದ್ದವು. ತೆಗೆದು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಒಂದಕ್ಷರವೂ ಸುಳ್ಳಲ್ಲ. ಸಗ್ಡನ್ ಅವರನ್ನು ಮನೆಗೆ ಕಳಿಸಿ.

ಸ್ಥಳ: ಶೆಫೀಲ್ಡ್
ದಿನಾಂಕ: 14-2-2017, ಬೆಳಿಗ್ಗೆ 11.40
ಸಹಿ: ಕ್ಲಿಫರ್ಡ್ ಬ್ರಾಮಲ್