ವಿಮಾನದ ಒಡಲಿನ ನಂಬರ್

ನಗೂದಿದ್ರ ಈಗ ನಕ್ಕು ಮುಗಿಸ್ರಿ. ನಡುವ ನಕ್ರ ನಾ ಎದ್ದು ಹೋಗ್ತೇನಿ. ಕರೆಂಟ್ ಹೋಗೇತಿ, ನಿದ್ದಿ ಬರವಲ್ದು, ದೆವ್ವದ ಕತಿ ಹೇಳು ಅಂತ ನೀವ ಗಂಟುಬಿದ್ದೀರಿ. ಇದು ಕತಿ ಅಲ್ಲ. ನಮ್ಮ ದೊಡ್ಡವ್ವನ ಮಗ ಅಮರಪ್ಪಗ ಆದದ್ದು.

ಅವತ್ತ ಕಡೀ ಬಸ್ಸು ಅವನ್ನ ಕಮತಗಿಯೊಳಗ ಇಳಿಸಿ ಹೋತು. ಸತ್ತವರಿಗೆ ಎಡಿ ಹಿಡಿಯೋ ಮಾನಮಿ ಅಮಾಸಿ ಹಿಂದಿನ ರಾತ್ರಿ. ಮೂಗಿನ ಮುಂದ ಕೈ ಹಿಡದ್ರೂ ಕಾಣವಲ್ದು. ಮನಿ ಮುಟ್ಟಬೇಕಂದ್ರ ಸಾಲಿ ಬಯಲು ದಾಟಬೇಕು. ಬಯಲಿನ ಮೂಲ್ಯಾಗ ಹಾಳಬಾವಿ. ಬಾವಿ ಆಚೆ... ವಿಮಾನ.

ಹೌದ್ರಿ, ವಿಮಾನ. ಎಪ್ಪತ್ತೇಳರಾಗ ಬಂದಿತ್ತು. ಹುಡುಗೂರಿಗೆ ಹಾರ್ಸೂದು ಕಲಸೋ ಜೆಟ್ ಅದು. ಮಗ್ಗಲಕ್ಕ ಮಗ್ಗಲ ಎರಡು ಸೀಟು, ಒಂದು ಕಲಿಯಾವಗ, ಒಂದು ಕಲಸಾವಗ. ಹಳೇದಾತು ಅಂತ ಮಿಲಿಟ್ರಿಯವರು ಬಿಟ್ಟದ್ದನ್ನ ನಮ್ಮ ಸಾಲಿ ಕಮಿಟಿಯವರು ಯಾರ್ಯಾರದೋ ಕೈಕಾಲು ಹಿಡದು ಲಾರಿ ಮ್ಯಾಲೆ ತರಿಸಿದ್ರು. ರೆಕ್ಕಿ ಬ್ಯಾರೆ, ಒಡಲು ಬ್ಯಾರೆ, ಬಾಲ ಬ್ಯಾರೆ. ಬಾಲಕ್ಕ ಎರಡು ಕವಲು, ಎಡಕ್ಕೊಂದು ಬಲಕ್ಕೊಂದು. ಮುಂದಿನ ಒಡಲು ಕಟಗೀದು ಅಂದ್ರ ನೀವು ನಂಬೂದಿಲ್ಲ, ಆದ್ರ ಕಟಗೀದ. ಹೆಸರು ವ್ಯಾಂಪೈರ್. ಇಂಗ್ಲಿಷಿನ್ಯಾಗ ಅದು ರಕ್ತಾ ಕುಡಿಯೋ ದೆವ್ವದ ಹೆಸರಂತ. ಅದಕ್ಕೂ ನಾ ಹೇಳೂದಕ್ಕೂ ಏನೂ ಸಂಬಂಧ ಇಲ್ಲ, ಅದನ್ನ ಹಿಡಕೊಂಡು ಕುಂದ್ರಬ್ಯಾಡ್ರಿ.

ಬಂದ ವರ್ಷನ ಖಂಡೆನವಮಿ ಪೂಜಿಗೆ ಅಂತ ಮೂತಿಯಿಂದ ಬಾಲದ ತನಕ ಬೆಳ್ಳಿ ಬಣ್ಣ ಬಳದ್ರು. ಇಭೂತಿ ಪಟ್ಟಿ ಎಳದ್ರು, ಕುಂಬಳಕಾಯಿ ಒಡದ್ರು, ಊರಿಗೆಲ್ಲಾ ಮಂಡಕ್ಕಿ ಹಂಚಿದ್ರು. ಬರದಿದ್ದ ನಂಬರೆಲ್ಲಾ ಬಣ್ಣದ ಕೆಳಗ ಮುಚ್ಚಿ ಹೋತು. ಹುಡುಗೂರು ಒಳಗ ಹೋಗಿ ಕುಂದ್ರತಾವ ಅಂತ ಗಾಜಿನ ಮುಚ್ಚಳದ ಮ್ಯಾಲೆ ಕಬ್ಬಿಣ ಪಟ್ಟಿ ಇಟ್ಟು ಮೊಳಿ ಹೊಡದ್ರು. ಆ ಮೊಳಿ ತಲಿಗೂ ಬಣ್ಣ ಬಳದ್ರು. ಶ್ಯಾಣ್ಯಾರು!

ನಂಬರ್ ಹೋದ್ರ ಏನಾತು ಅಂತೀರಿ. ಅಮರಪ್ಪನ ಅಣ್ಣ ಶಿವಸಂಗಪ್ಪ ಹಾರ್ಸೂದು ಕಲಿಯಾಕ ಹೋಗಿ ಎಪ್ಪತ್ತರಾಗ ಇಂಥಾದ್ದ ಒಂದು ವಿಮಾನದಾಗ ತೀರಿಕೊಂಡಿದ್ದ. ವಿಮಾನ ಬೀಳಲಿಲ್ಲ. ಹದ್ದು ಗಾಜು ಒಡಕೊಂಡು ಬಂದು ಅವಗ ಬಡೀತು. ಕಲಸೋ ಸಾಹೇಬ ಹೆಂಗೋ ಇಳಿಸಿದ. ಆಮ್ಯಾಲೆ ಹೊಸಾ ಗಾಜು ಹಾಕಿ ಅದನ್ನ ಮತ್ತ ಹಾರಿಸಿದ್ರಂತ. ಹೆಣಾ ತಂದ ಸಾಹೇಬನ್ನ ನಮ್ಮ ದೊಡ್ಡವ್ವ ಮುತ್ತವ್ವ ಬ್ಯಾರೇನೂ ಕೇಳಲಿಲ್ಲ. ಯಾವ ವಿಮಾನ ಅಂತಷ್ಟ ಕೇಳಿದ್ಲು. ಅವ ನಂಬರ್ ಹೇಳಿದ, ಕಡೀ ಅಂಕಿ ಆರನೂರಾ ಹದಿನೇಳು. ಓದು ಬರಹ ಬರಲಾರದ ಹೆಣಮಗಳು, ಮಗ್ಗದಾಗ ಕುಂತಾಗೂ ಅದನ್ನ ಬಾಯಾಗ ಆಡಿಸ್ತಿದ್ಲು.

ಊರಾಗ ವಿಮಾನ ಬಂದ ಮ್ಯಾಲೆ ಅಕಿದು ಒಂದ ಹಟ. ಅದು ಆರನೂರಾ ಹದಿನೇಳು ಹೌದೋ ಅಲ್ಲೋ ನೋಡು. ಹೌದಾದ್ರ ಅಮಾಸಿಗೆ ಅಲ್ಲೇ ಎಡಿ ಹಿಡೀತೇನಿ, ನನ್ನ ಮಗ ಕಡೀಗೆ ಕುಂತ ಜಾಗಾ ಅದು. ಅಲ್ಲಂದ್ರ ಹಿಡಿಯೂದಿಲ್ಲ. ಬ್ಯಾರೇದವರ ಜಾಗಾದಾಗ ನಮ್ಮವನ ಹೆಸರು ಕೂಗಿದ್ರ ಕರೆಸಿಕೊಂಡಾವ ಬರೂದಿಲ್ಲ, ಅಲ್ಲಿದ್ದಾವ ಉಣ್ಣೂದಿಲ್ಲ ಅಂತಿದ್ಲು. ಹೊಟ್ಯಾಗ ಗಂಟಾಗೇತಿ ಅಂತ ಬಾಗಲಕೋಟಿ ದವಾಖಾನ್ಯಾಗ ಹೇಳಿ ಕಳಿಸಿದ್ರು. ಮುಂದಿನ ವರ್ಷದ ಮಾನಮಿ ಅಮಾಸಿ ಅಕಿಗೆ ಇರಲಿಲ್ಲ.

ಅಮರಪ್ಪ ಹೆಡ್‌ಮಾಸ್ತರನ ಕೇಳಿ ಬಾಲದ ಬಣ್ಣ ಕೆರದ. ಎಡಗವಲಿನ ಮ್ಯಾಲೆ ಆರು... ಒಂದು... ಏಳು! ಹುಚ್ಚನಂಗ ಮನೀಗೆ ಓಡಿ ಬಂದು ಅವ್ವನ ಕಾಲು ಹಿಡಕೊಂಡು ಅತ್ತ. ಬೆಳಿಗ್ಗೆದ್ದು ಬಲಗವಲು ಕೆರದ್ರ ಬ್ಯಾರೇನ ನಂಬರ್. ಒಂದ ವಿಮಾನ, ಎರಡು ನಂಬರ್. ತಲಿ ಕೆಡದ ಏನಾದೀತ್ರಿ?

ಅಲ್ಲಿಂದ ಸುರು ಆತು ತಿರುಗಾಟ. ಬಾಗಲಕೋಟ್ಯಾಗ ಎನ್‌ಸಿಸಿ ಸಾಹೇಬ, ನಮಗ ಗೊತ್ತಿಲ್ಲ, ಮ್ಯಾಲೆ ಬರೀರಿ ಅಂದ. ಮ್ಯಾಲೆ ಬರದ್ರ ಎರಡರೊಳಗ ಖರೆ ನಂಬರ್ ಯಾವದು ತಿಳಿಸ್ರಿ ಅಂತ ಉತ್ತರ. ಲೇ, ಅದನ್ನ ಕೇಳಾಕ ಅಲ್ಲೇನು ಇವ ಬರದದ್ದು! ಲಾರಿಯವನ್ನ ಹಿಡದ್ರ, ನಾ ಕಬ್ಬಿಣ ಹೇರೇನಿ, ಅಂಕಿ ಓದಿಲ್ಲ ಅಂದ. ಹಗಲು ಮಗ್ಗ ಬಿಟ್ಟು, ನೇದ ಸೀರಿ ಹೊತ್ತಿಗೆ ಮುಟ್ಟಿಸಲಾರದ, ಇಳಕಲ್ಲ ವ್ಯಾಪಾರಸ್ಥರ ಕಡೆ ಬೈಸಿಕೊಂಡ. ಅವ್ವ ಮಾತ್ರ ದಿನಾ ಕೇಳ್ತಿದ್ಲು, ಸಿಕ್ತೇನಪಾ?

ಕಡೀಗೆ ಬದಾಮ್ಯಾಗ ಮಾಳಪ್ಪ ಅಂತ ಒಬ್ಬ ಸಿಕ್ಕ. ವಿಮಾನ ರಿಪೇರಿ ಮಾಡಿ ರಿಟಾಯರ್ ಆದಾವ. ಅವ ಹೇಳಿದ, ಕೈಬಿಟ್ಟ ವಿಮಾನ ಹಿಂಗ ಕೊಡುವಾಗ ಒಂದರ ಒಡಲಿಗೆ ಬ್ಯಾರೆ ಬ್ಯಾರೆ ವಿಮಾನದ ಕವಲು ಹಚ್ಚಿ ಕೊಡೂದು ಇತ್ತು, ಒಡಲಿನ ನಂಬರ ಖರೆ ನಂಬರ್, ಅದು ಸೀಟಿನ ಹಿಂದ ಒಳಗ ಇರ್ತೇತಿ. ನಾವು ನೇಕಾರರು, ನಮಗೇನು ಹೊಸಾದಲ್ಲ ಅದು. ಸೀರಿ ಒಡಲು ಬ್ಯಾರೆ ಸೆರಗು ಬ್ಯಾರೆ ಮಾಡಿ ನಡುವ ಕೊಂಡಿ ಹಾಕ್ತೇವಿ. ಆದ್ರ ಒಳಗ ನೋಡೂದು ಹೆಂಗ? ಮೊಳಿ ಕೀಳಾಕ ಕಮಿಟಿ ಒಪ್ಪಿಗಿ ಬೇಕು, ಚೇರಮನ್ನರು ಮುಂಬೈಗೆ ಹೋಗಿದ್ರು. ಬೆಳಗಾದ್ರ ಅಮಾಸಿ.

ಹಿಂಗ ಎದಿ ಉರಕೊಂಡು ಅವತ್ತ ಕತ್ತಲಾಗ ಬರಾಕ ಹತ್ತಿದ್ದ ನೋಡ್ರಿ. ಬಾವಿ ದಾಟಿದ. ಕಿರ್‍ರ್... ಅಂತು ಬಾವಿ ಗಡಗಡಿ. ಗಾಳಿ ಇರಲಿಲ್ಲ. ಆ ಗಡಗಡಿಗೆ ಹಗ್ಗಾನೂ ಇರಲಿಲ್ಲ. ಇವ ನಿಂತ. ಅದೂ ನಿಂತು.

ಆಮ್ಯಾಲೆ ವಿಮಾನದ ಕಡೆಯಿಂದ... ಡೊಬ್... ಡೊಬ್...

ತಗಡು ಬಡದ್ರ ಠಣ್ ಅಂತೈತಿ. ಇದು ಕಟಗಿ ಸಪ್ಪಳ. ಒಳಗಿಂದ. ಮುಚ್ಚಿದ ಸಂದೂಕದಾಗ ಕುಂತು ಮೊಣಕೈಲೆ ಬಡದಂಗ. ಅಮರಪ್ಪಗ ಅಂಜಿಕಿ ಬರಲಿಲ್ಲಂತ, ಖುಷಿ ಆತಂತ. ಮೂತಿ ತನಕ ಹೋಗಿ ಒಡಲಿಗೆ ಕಿವಿ ಹಚ್ಚಿದ.

"ಅಣ್ಣಾ... ನಾ ಅಮರ್‍ಯಾ. ನೀನ ಏನು?"

ಸಪ್ಪಳ ನಿಂತು. ಆಮ್ಯಾಲೆ ಕಟಗಿ ಆಚೆ, ಇವನ ಕಿವಿಗೆ ಹತ್ತಿದಂಗ, ಪಿಸಿ ಪಿಸಿ...

"ಅವ ಅಲ್ಲ."

ಅಮರಪ್ಪ ಕಿವಿ ತಗೀಲಿಲ್ಲ. ಅದ ದನಿ ಮತ್ತ ಕೇಳಿತು.

"ನನ್ನ ನಂಬರ್ ಸಿಕ್ತೇನು? ನಮ್ಮವ್ವಗ ಹೇಳಬೇಕಿತ್ತು."

ಯಾವ ಭಾಷಾದಾಗ ಅಂತೋ ಏನೋ, ಅಮರಪ್ಪಗ ಇವತ್ತಿಗೂ ಗೊತ್ತಿಲ್ಲ. ತಿಳೀತು, ಅಷ್ಟ. ಸಿಕ್ಕಿಲ್ಲ ಅಂತ ಇವ ಬಾಯಿಬಿಟ್ಟು ಹೇಳಿದ. ಒಳಗ ಒಂದು ಸಲ, ಮೆತ್ತಗ, ಡೊಬ್ ಅಂತು.

ಮನೀಗೆ ಬಂದು ಅವ್ವನ ಮುಂದ ಕುಂತು ಎಲ್ಲಾ ಹೇಳಿದ. ಇಷ್ಟು ಓಡ್ಯಾಡಿ ನಿನ್ನ ಸಲುವಾಗಿ ನನಗ ಏನೂ ಮಾಡಾಕ ಆಗಲಿಲ್ಲ ಅಂತ ಹಣಿ ಹಣಿ ಬಡಕೊಂಡ. ದೊಡ್ಡವ್ವ ಗ್ವಾಡಿಗೆ ಆತು ಕುಂತಾಕಿ ಎಲ್ಲಾ ಕೇಳಿದ್ಲು. ನಾ ಅಲ್ಲೇ ಇದ್ದೆ, ಅಕಿ ಅಂದದ್ದು ನನ್ನ ಕಿವಿಲೆ ಕೇಳೇನಿ.

"ಎರಡು ಗಂಗಾಳ ತೊಳದಿಡು."

ಬೆಳಿಗ್ಗೆ ನಾವೆಲ್ಲಾ ಹೋದ್ವಿ. ಹೋಳಿಗಿ, ಕಟ್ಟಿನ ಸಾರು, ಬದನಿಕಾಯಿ ಎಣ್ಣಿಗಾಯಿ. ಒಂದು ಗಂಗಾಳ ಎಡಗವಲಿನ ಕೆಳಗ ಇಟ್ಟು ಶಿವಸಂಗಾ, ಬಾರೋ ಅಂತ ಕೂಗಿದ್ಲು. ಆ ಬಾಲಷ್ಟರೆ ಅವಂದು ಹೌದಲ್ಲ! ಇನ್ನೊಂದು ಮೂತಿ ಕೆಳಗ ನೆಲದ ಮ್ಯಾಲೆ ಇಟ್ಲು. ಅದಕ್ಕ ಕೂಗಾಕ ಹೆಸರಿರಲಿಲ್ಲ. ಉಣ್ಣು ಮಗನ, ನಿಮ್ಮವ್ವ ಎಲ್ಲಿ ಹುಡುಕಾಕ ಹತ್ಯಾಳೋ ಅಂದು ಸೆರಗು ಬಾಯಿಗೆ ಒತ್ತಿಕೊಂಡ್ಲು. ಅವತ್ತ ನನಗೂ ಅಳು ಬಂತು.

ಬಾಲದ ಕೆಳಗಿನ ಎಡಿ ಕಾಗಿ ತಿಂದ್ವು. ತಿನ್ನಬೇಕಾದ್ದ ಅದು. ಸಂಜೀಕ ಗಂಗಾಳ ತರಾಕ ಹೋದ್ರ ಒಂದ ಇತ್ತು. ಮೂತಿ ಕೆಳಗಿಂದು ಇಲ್ಲ. ಯಾರೋ ಕದ್ರು ಅಂತ ನಾನೂ ಅಮರಪ್ಪನೂ ಇಡೀ ಓಣಿ ಬೈದ್ವಿ.

ಮರುದಿನ ಹೆಡ್‌ಮಾಸ್ತರ ಸಿಟ್ಟಿಲೆ ಮನಿ ಬಾಗಲಕ್ಕ ಬಂದ. ಸರಕಾರಿ ವಿಮಾನದ ಮುಚ್ಚಳಾ ಕಿತ್ತೀರಿ, ಪೋಲೀಸರನ್ನ ಕರಸ್ತೇನಿ ಅಂತ ಒದರ್‍ಯಾಡಿದ. ಹೋಗಿ ನಿಚ್ಚಣಿಕಿ ಹಚ್ಚಿ ಹತ್ತಿದ್ವಿ. ಮೊಳಿ ಮ್ಯಾಲಿನ ಬಣ್ಣ ಒಂದೂ ಒಡದಿರಲಿಲ್ಲ. ಹೆಡ್‌ಮಾಸ್ತರ ತಾನ ಮುಟ್ಟಿ ನೋಡಿ, ಪೋಲೀಸರ ಮಾತು ಬಿಟ್ಟು ಇಳದ.

ದೊಡ್ಡವ್ವ ಆ ಚಳಿಗಾಲ ದಾಟಲಿಲ್ಲ. ಒಡಲಿನ ನಂಬರ್ ಇನ್ನೂ ಸಿಕ್ಕಿಲ್ಲ, ಅಮರಪ್ಪ ಇನ್ನೂ ಬರಿಯೂದು ಬಿಟ್ಟಿಲ್ಲ, ಕಮಿಟಿಯವರು ಇನ್ನೂ ಮೊಳಿ ಕೀಳಾಕ ಬಿಟ್ಟಿಲ್ಲ. ನಂಬಂಗಿಲ್ಲಂದ್ರ ನಾಳಿಗೆ ಬಿಸಲಾಗ ಹೋಗಿ ಗಾಜಿನ್ಯಾಗ ಹಣಿಕಿ ಹಾಕ್ರಿ. ಗಂಗಾಳ ಒಳಗ ಐತಿ, ಕಲಿಯಾವನ ಸೀಟಿನ ಮ್ಯಾಲೆ. ಒಂದು ಅಗಳೂ ಉಳದಿಲ್ಲ. ಅಂಚಿಗೆ ಅಂಗಡ್ಯಾಗ ಚುಕ್ಕಿ ಹೊಡಿಸಿದ ಹೆಸರು ಹೊರಗಿಂದನ ಓದಾಕ ಬರ್ತೈತಿ... ಮುತ್ತವ್ವ, ಕಮತಗಿ.