ಯಾರೂ ತಿರುಗಿಸದ ನಲ್ಲಿ

ತಾಯಂದಿರೇ, ಅಣ್ಣಂದಿರೇ, ಇವತ್ತು ದಾನದ ಬಗ್ಗೆ ಮಾತಾಡಬೇಕು ಎಂದು ನಮ್ಮ ಮಠದ ದಾನಿಗಳಾದ ಸಿದ್ದವೀರಪ್ಪನವರು ಚೀಟಿ ಕಳಿಸಿದ್ದಾರೆ. ಮಾತಾಡೋಣ. ಆದರೆ ಇವತ್ತಿನ ಕಥೆ ಪುರಾಣದ್ದಲ್ಲ, ಪಂಚಾಯಿತಿಯದ್ದು. ಮಠದಲ್ಲಿ ಪಂಚಾಯಿತಿಯ ಮಾತು ಯಾಕೆ ಬುದ್ಧಿ ಎನ್ನಬೇಡಿ. ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪೂಜೆ ಯಾವುದಿದೆ ಹೇಳಿ?

ಕಾಡಿನ ಸೆರಗಿನಲ್ಲಿ ಒಂದೂರು. ಆ ಊರಿಗೊಬ್ಬ ಶ್ರೀಮಂತ. ಜನ ಅವನನ್ನೇ ಪಂಚಾಯಿತಿ ಅಧ್ಯಕ್ಷನನ್ನಾಗಿ ಮಾಡಿದ್ದರು. ಕೆಟ್ಟವನೇ? ಅಲ್ಲ. ನೋಡಿ, ಕೆಟ್ಟವನ ಕಥೆಯಾಗಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ನೀವೆಲ್ಲ ಪಕ್ಕದ ಮನೆಯವನ ಮುಖ ನೆನೆಸಿಕೊಂಡು, ಸುಖವಾಗಿ ಕೇಳಿ, ಎದ್ದು ಹೋಗಿಬಿಡುತ್ತಿದ್ದಿರಿ. ಇವನು ಒಳ್ಳೆಯವನು. ನಿಮ್ಮ ಹಾಗೆ, ನನ್ನ ಹಾಗೆ.

ಅವನ ಪಂಚಾಯಿತಿಗೆ ಸೇರಿದ ಒಂದು ಹಾಡಿ ಬೆಟ್ಟದ ಮೇಲಿತ್ತು. ಹಾಡಿ ಎಂದರೆ ಕಾಡಿನ ಜನರ ಇಪ್ಪತ್ತು ಗುಡಿಸಲು. ಕೆಳಗಿನ ಊರು ಹುಟ್ಟುವುದಕ್ಕೆ ಎಷ್ಟೋ ಮೊದಲಿಂದ ಅಲ್ಲಿದ್ದವರು, ಜೇನು ಕೊಯ್ದು ಗೆಡ್ಡೆ ಅಗೆದು ಬದುಕುವವರು. ನೀರಿಗೆ ಹೆಂಗಸರು ಕೆಳಗಿನ ಹಳ್ಳಕ್ಕೆ ಇಳಿಯಬೇಕು. ಬೇಸಿಗೆಯಲ್ಲಿ ಹಳ್ಳ ಹರಿಯುವುದಿಲ್ಲ, ನಿಂತು ಪಾಚಿ ಕಟ್ಟುತ್ತದೆ. ಹಂದಿ ಹೊರಳಾಡಿ ಹೋದ ಗುಂಡಿಯಲ್ಲೇ ಇವರು ಕೊಡ ಅದ್ದಬೇಕು. ಅಧ್ಯಕ್ಷ ಒಂದು ದಿನ ಇದನ್ನು ಕಣ್ಣಾರೆ ಕಂಡ. ತಾಲೂಕಿಗೆ ಅಲೆದ, ಜಿಲ್ಲೆಗೆ ಅಲೆದ, ಬೋರ್‌ವೆಲ್ ಕೊರೆಸಿದ, ಹಾಡಿಯ ನಡುಮಧ್ಯೆ ಟ್ಯಾಂಕ್ ಕಟ್ಟಿಸಿ ನಾಲ್ಕು ನಲ್ಲಿ ಹಾಕಿಸಿದ. ಇಷ್ಟು ಮಾಡುವವರು ಎಷ್ಟು ಜನ ಇದ್ದಾರೆ? ಅವನಿಗೆ ಸಲ್ಲಬೇಕಾದ್ದು ಸಲ್ಲಲಿ.

ಆಮೇಲೆ ಪೇಂಟರನ್ನು ಕರೆಸಿ, ಟ್ಯಾಂಕಿನ ಸುತ್ತ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ. ಆಳೆತ್ತರದ ಅಕ್ಷರ. ಉದ್ಘಾಟನೆಯ ದಿನ ಕಾಯಿ ಒಡೆದರು, ನಲ್ಲಿ ತಿರುಗಿಸಿ ಅಧ್ಯಕ್ಷ ಒಂದು ಬೊಗಸೆ ಕುಡಿದ, ಫೋಟೋ ಆಯಿತು, ಜೀಪು ಹತ್ತಿದರು. ಹಾಡಿಯ ಜನ ದೂರದಲ್ಲಿ ಸಾಲಾಗಿ ನಿಂತು ನೋಡಿದರು.

ಎಂಟು ದಿನ ಕಳೆಯಿತು. ನೀರು ಬಿಡುವ ವಾಟರ್‌ಮ್ಯಾನ್ ಬಂದು ಹೇಳಿದ: “ಅಣ್ಣಾ, ಟ್ಯಾಂಕ್ ತುಂಬ್ಸಿದ್ದು ತುಂಬ್ದಂಗೇ ಅದೆ. ಒಂದು ಗೇಣೂ ಇಳ್ದಿಲ್ಲ. ಹೆಂಗಸ್ರು ಹಳ್ಳಕ್ಕೇ ಹೋಯ್ತಾವ್ರೆ.”

ಅಧ್ಯಕ್ಷನಿಗೆ ಬೇಸರವಾಯಿತು. ಆಗದೇ ಇರುತ್ತದೆಯೇ? “ಕಾಡ್ ಜನ ಕಣೋ. ಹಳ್ಳದ್ ನೀರು ಕುಡ್ದು ರೂಢಿ ಅವ್ರಿಗೆ. ಬುಡು, ನಾವ್ ಮಾಡೋದು ಮಾಡಾಯ್ತು” ಎಂದ.

ಇಲ್ಲಿ ಸ್ವಲ್ಪ ನಿಲ್ಲಿ. ‘ಯಾಕೆ?’ ಅಷ್ಟೇ ಕೇಳಬೇಕಿತ್ತು. ಅಧ್ಯಕ್ಷ ಕೇಳಲಿಲ್ಲ. ವಾಟರ್‌ಮ್ಯಾನ್ ದಿನಾ ಅಲ್ಲಿಗೆ ಹೋಗುತ್ತಿದ್ದ, ಅವನೂ ಕೇಳಲಿಲ್ಲ. ಯಾಕೆ ಕುಡಿಯುತ್ತಿಲ್ಲ ತಾಯೀ ಎಂದು ಒಬ್ಬನೇ ಒಬ್ಬ ಕೇಳಲಿಲ್ಲ.

ಆದರೆ ಹಾಡಿಯವರು ಕೇಳಲು ಬಂದಿದ್ದರು! ಹಾಡಿಯ ಹಿರಿಯಳು ಒಬ್ಬ ಅಜ್ಜಿ. ಬೆಳಿಗ್ಗೆ ಎದ್ದು ಬೆಟ್ಟ ಇಳಿದು, ಬಿಸಿಲಲ್ಲಿ ಒಂಬತ್ತು ಮೈಲಿ ನಡೆದು ಪಂಚಾಯಿತಿ ಕಚೇರಿಗೆ ಬಂದಳು. ಬಾಗಿಲ ಹೊರಗೆ ನಿಂತು, “ಅಧ್ಯಕ್ಷರ್ ತಾವ ಒಂದು ಮಾತು ಕೇಳ್ಬೇಕಿತ್ತು ಬುದ್ಧಿ” ಎಂದಳು.

ಗುಮಾಸ್ತ ತಲೆ ಎತ್ತಲಿಲ್ಲ. “ಪಿಂಚಣಿ ಇನ್ನೂ ಬಂದಿಲ್ಲ ಕಣಜ್ಜಿ, ಹೋಗು.”

“ಪಿಂಚಣಿ ಅಲ್ಲ ಬುದ್ಧಿ...”

“ಗೊತ್ತಾಯ್ತು ಹೋಗಜ್ಜಿ. ಬಂದಾಗ ಹೇಳ್ಕಳುಸ್ತೀವಿ.”

ಹದಿನೈದು ದಿನ ಬಿಟ್ಟು ಮತ್ತೆ ಬಂದಳು. ಅಧ್ಯಕ್ಷರು ಮೀಟಿಂಗಿಗೆ ಹೋಗಿದ್ದಾರೆ ಎಂದರು. ಮೂರನೆಯ ಸಲ ಬಂದಾಗ ಕಚೇರಿಗೆ ರಜೆ. ಮೆಟ್ಟಿಲ ಮೇಲೆ ಕೂತು, ಹೊತ್ತು ಇಳಿದ ಮೇಲೆ ಎದ್ದು ಹೋದಳು. ನಾಲ್ಕನೆಯ ಸಲ ಬರಲಿಲ್ಲ. ನಾವಾಗಿದ್ದರೆ ಎರಡನೆಯ ಸಲವೇ ಬರುತ್ತಿರಲಿಲ್ಲ, ಅಲ್ಲವೇ?

ಬೇಸಿಗೆ ಬಲಿಯಿತು. ಹಾಡಿಯ ಒಬ್ಬ ಹೆಣ್ಣುಮಗಳ ನಾಲ್ಕು ವರ್ಷದ ಕೂಸಿಗೆ ವಾಂತಿಭೇದಿ ಹತ್ತಿತು. ಬೆಳಿಗ್ಗೆ ಶುರುವಾಯಿತು, ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. “ಅವ್ವಾ ನೀರು, ಅವ್ವಾ ನೀರು” ಎನ್ನುತ್ತಿತ್ತು. ಗುಡಿಸಲ ಬಾಗಿಲಿಂದ ಟ್ಯಾಂಕಿಗೆ ಎಷ್ಟು ದೂರ ಅಂದುಕೊಂಡಿದ್ದೀರಿ? ಮೂವತ್ತು ಹೆಜ್ಜೆ. ತಾಯಿ ಕೊಡ ಎತ್ತಿಕೊಂಡಳು, ಆ ಟ್ಯಾಂಕಿನ ಪಕ್ಕದಲ್ಲೇ ಹಾದು, ಹಳ್ಳಕ್ಕೆ ಇಳಿದು, ಆ ಪಾಚಿಯ ನೀರನ್ನೇ ಸೆರಗಿನಲ್ಲಿ ಸೋಸಿ ತಂದು ಕುಡಿಸಿದಳು. ಯಾವ ನೀರಿನಿಂದ ರೋಗ ಬಂತೋ ಅದೇ ನೀರು. ಆಸ್ಪತ್ರೆಗೆ ಸಾಗಿಸಲು ಹುಡುಗರು ಜೋಲಿ ಕಟ್ಟುತ್ತಿರುವಾಗಲೇ ಕೂಸು ಹೋಯಿತು.

ಸುದ್ದಿ ಕೇಳಿ ಅಧ್ಯಕ್ಷ ಓಡಿ ಬಂದ. ದುಃಖವೂ ಇತ್ತು, ಸಿಟ್ಟೂ ಇತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯ ಮುಂದೆ ನಿಂತು ರೇಗಿದ: “ಮನೆ ಮುಂದೆ ಅಷ್ಟು ಒಳ್ಳೆ ನೀರು ಇಟ್ಕಂಡು, ಹಳ್ಳದ್ ನೀರು ಕುಡಿಸ್ದಲ್ಲವ್ವ! ಏನಾಗಿತ್ತು ನಿಂಗೆ?”

ಅವಳು ತಲೆ ಎತ್ತಿ ಅವನ ಮುಖ ನೋಡಿದಳು. “ಅದು ನಿಮ್ದಲ್ವಾ ಬುದ್ಧಿ?” ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅಜ್ಜಿ ಎದ್ದು ಬಂದು ಅವನ ಕೈ ಹಿಡಿದು, ಹಾಡಿಯ ಹಿಂದಿನ ಒಂದು ದೊಡ್ಡ ಮರದ ಬಳಿಗೆ ಕರೆದೊಯ್ದಳು. ಮೇಲೆ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು. ಬುಡದಲ್ಲಿ ತೊಗಟೆ ಕೆತ್ತಿದ ಒಂದು ಗುರುತು.

“ಈ ಮರಕ್ಕೆ ಗುರುತು ಹಾಕ್ದೋನು ನನ್ ತಮ್ಮ. ಕಾಯ್ಲೆ ಬಿದ್ದು ಮಲಗವ್ನೆ, ಹತ್ತಕ್ಕಾಗಲ್ಲ. ಹಂಗಂತ ಇನ್ನೊಬ್ರು ಮುಟ್ಟಲ್ಲ ಬುದ್ಧಿ. ಹಸ್ಕಂಡಿದ್ರೂ ಮುಟ್ಟಲ್ಲ. ಬೇಕಾದ್ರೆ ಅವನ್ ತಾವ ಹೋಗಿ ಕೇಳ್ಬೇಕು. ಅವ್ನು ಬಾಯ್ ಬುಟ್ಟು ‘ತಕ್ಕಳಿ’ ಅನ್ಬೇಕು. ನೀವು ಅಷ್ಟು ದೊಡ್ಡದಾಗಿ ನಿಮ್ ಗುರುತು ಹಾಕುದ್ರಿ. ನೀವೇ ಮೊದ್ಲು ಕುಡುದ್ರಿ. ನಮ್ಗೆ ಕುಡೀರಿ ಅನ್ನಲಿಲ್ಲ. ಇದು ಯಾರ್ದಪ್ಪ ಅಂತ ನೀರು ಬುಡೋ ನಿಮ್ ಆಳ್ನ ಕೇಳುದ್ರೆ ಅಧ್ಯಕ್ಷರ್ದು ಅಂದ. ಅದ್ಕೇ ಕೇಳವಾ ಅಂತ ಮೂರು ಸಲ ಬಂದೆ.”

ಮೂರು ಸಲ ಬಂದೆ! ಆ ಮಾತು ಕೇಳಿ ಆ ಶ್ರೀಮಂತ ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಟ. ಕೊನೆಗೆ ಎದ್ದು ಬಂದು, ಆ ತಾಯಿಯ ಮುಂದೆ ಕೈ ಜೋಡಿಸಿ, “ತಕ್ಕಳವ್ವ. ನಿಮ್ದೇ ಅದು. ನಿಮ್ದೇ” ಎಂದ.

ಅವಳು ಮಗುವನ್ನು ಅಜ್ಜಿಯ ತೊಡೆಗೆ ಕೊಟ್ಟು, ಕೊಡ ತೆಗೆದುಕೊಂಡು ಹೋಗಿ ನಲ್ಲಿ ತಿರುಗಿಸಿದಳು. ಹಾಡಿಯ ಜನ ಆ ಟ್ಯಾಂಕಿನಿಂದ ಹಿಡಿದ ಮೊದಲ ಕೊಡ ನೀರು ಅದು. ಅದರಲ್ಲಿ ಅವಳು ಸತ್ತ ಮಗುವನ್ನು ಮೀಯಿಸಿದಳು.

ಅಳಬೇಡಿ ತಾಯೀ. ನೀವು ಅತ್ತು ಹಗುರಾಗಿ ಮನೆಗೆ ಹೋಗಲೆಂದು ನಾನು ಈ ಕಥೆ ಹೇಳಲಿಲ್ಲ. ಕಾಡಿನವರು ಪಾಪ, ಏನೂ ತಿಳಿಯದವರು ಎಂದುಕೊಂಡಿರಾದರೆ ಅದೂ ತಪ್ಪು. ಬೇರೆಯವರ ವಸ್ತು ಮುಟ್ಟಬಾರದು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ತಿಳಿಯದಿದ್ದವರು ಕೊಟ್ಟವರು.

ಈಗ ತಲೆ ಎತ್ತಿ ನೋಡಿ. ಈ ಸಭಾಂಗಣದಲ್ಲಿ ಹನ್ನೊಂದು ಫ್ಯಾನುಗಳಿವೆ, ಹನ್ನೊಂದರ ರೆಕ್ಕೆಗಳ ಮೇಲೂ ಕೊಟ್ಟವರ ಹೆಸರುಗಳಿವೆ. ತಿರುಗುವಾಗ ತಮ್ಮ ಹೆಸರು ಕಾಣುವುದಿಲ್ಲ ಎಂದು ನಮ್ಮ ಸಿದ್ದವೀರಪ್ಪನವರು ಮೊನ್ನೆ ನೆಂಟರು ಬಂದಾಗ ಫ್ಯಾನ್ ಆರಿಸಿ ತೋರಿಸಿದರು. ನಗಿ, ನಗಿ. ನನ್ನನ್ನೂ ನೋಡಿ ನಗಿ. ಹೋದ ವರ್ಷ ನಾನೇ ಹಾಡಿಯೊಂದಕ್ಕೆ ಹೋಗಿ, ಮಠದ ಹೆಸರು ಅಚ್ಚು ಹಾಕಿಸಿದ ಕಂಬಳಿ ಹಂಚಿ ಬಂದೆ. ಅರ್ಧ ಗಂಟೆಯಲ್ಲಿ ಮುಗಿಸಿ ಬಂದೆ. ಯಾರಾದರೂ ಹೊದ್ದರೋ, ಮಡಿಸಿ ಇಟ್ಟರೋ ನನಗೆ ಗೊತ್ತಿಲ್ಲ.

ಇನ್ನೊಂದು. ಇಷ್ಟು ಹೊತ್ತು ಕಥೆ ಕೇಳಿದಿರಿ, ಕಣ್ಣೊರೆಸಿಕೊಂಡಿರಿ. ಆ ಮಗುವಿನ ಹೆಸರೇನು ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಕೇಳಬೇಕು ಅನ್ನಿಸಿತೇ? ನನಗೆ ಈ ಕಥೆ ಹೇಳಿದವನು ಆ ವಾಟರ್‌ಮ್ಯಾನ್, ಹೇಳುವಾಗ ಮುದುಕನಾಗಿದ್ದ. ಹೇಳಿ ಮುಗಿಸಿ ಅವನು ನನ್ನ ಮುಂದೆ ಅತ್ತ. ನಾನೂ ಅತ್ತೆ. ಮಗುವಿನ ಹೆಸರು ಮಾತ್ರ ನಾನೂ ಕೇಳಲಿಲ್ಲ. ಆಮೇಲೆ ಕೇಳೋಣವೆಂದರೆ ಅವನೂ ಉಳಿಯಲಿಲ್ಲ.

ನಾಳೆ ಸೋಮವಾರ. ಇಲ್ಲಿ ಪಂಚಾಯಿತಿಯವರು ಇದ್ದೀರಿ, ಆಸ್ಪತ್ರೆಯ ಸಿಸ್ಟರ್ ಇದ್ದೀರಿ, ರೇಷನ್ ಅಂಗಡಿಯವರು ಇದ್ದೀರಿ, ಮೇಷ್ಟ್ರುಗಳಿದ್ದೀರಿ. ನಿಮ್ಮ ಬಾಗಿಲಲ್ಲಿ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ಒಳಗೆ ಕರೆದು ಕುರ್ಚಿ ಕೊಡಿ. ಹೆಸರು ಕೇಳಿ. ಯಾಕೆ ಬಂದಿರಿ ಎಂದು ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಅವರು ನಿಧಾನವಾಗಿ ಮಾತಾಡಬಹುದು, ಎಲ್ಲಿಂದಲೋ ಶುರು ಮಾಡಬಹುದು, ಮಾಡಲಿ. ಅವರ ಮಾತು ಮುಗಿಯುವ ಮೊದಲು ‘ಗೊತ್ತಾಯಿತು, ಹೋಗು’ ಎನ್ನಬೇಡಿ. ನಿಮಗೆ ಗೊತ್ತಾಗಿರುವುದಿಲ್ಲ.