ಏಳನೇ ಸುರುಳಿ ಜೋಡಣೆ ಹಾಗೂ ಭಾವನ ಕೂಗಾಟದ ಬಗ್ಗೆ

ಹೆಸರು: ಎಲ್ಲರೂ ಸುರುಳಿ ಅಂತಾರೆ. ವಯಸ್ಸು: 19. ಕೆಲಸ: ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಲೀತಿದ್ದೀನಿ. ವಾಸ: ಟೈಲರಮ್ಮನ ಅಂಗಡಿ ಎದುರು, ಅಕ್ಕ-ಭಾವನ ಮನೆ, ಕೆಳಗಿನ ಕೋಣೆ.

ಠಾಣೆಗೆ ಬಂದು ಈ ಮೂಲಕ ತಿಳಿಸೋದೇನಂದ್ರೆ, ಇವತ್ತು ನಮ್ಮ ಮನೇಲಿ ಯಾರೂ ಯಾರಿಗೂ ಹೊಡೆದಿಲ್ಲ. ನಡೆದಿದ್ದು ಪ್ರಯೋಗ.

ನನ್ನ ಹತ್ರ ಒಂದು ಸೈಕಲ್ ಇದೆ. ತುಳಿದ್ರೆ ಜನರೇಟರ್ ತಿರುಗುತ್ತೆ, ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿ ಬಲ್ಬಿಗೆ ಹೋಗುತ್ತೆ. ಬಲ್ಬ್ ಹತ್ತಿದ ಕೂಡಲೇ ಪೆಡಲ್ ಬಿಗಿಯಾಗುತ್ತೆ. ಆ ಎಳೆತ ಕಮ್ಮಿ ಮಾಡೋಕೆ ಟ್ರಾನ್ಸ್‌ಫಾರ್ಮರಿನ ತಂತಿ ಸುರುಳಿಗಳನ್ನ ಬೇರೆ ಬೇರೆ ಥರ ಜೋಡಿಸಿ ನೋಡ್ತಿದ್ದೀನಿ. ಏಳನೇ ಜೋಡಣೆಯಲ್ಲಿ ಎಳೆತ ಅರ್ಧಕ್ಕರ್ಧ ಕಮ್ಮಿ ಅಂತ ನಿನ್ನೆ ನಮ್ಮ ಪ್ರಯೋಗದವರ ಫೇಸ್‌ಬುಕ್ ಗ್ರೂಪಲ್ಲಿ ಪೋಸ್ಟ್ ಹಾಕಿದೆ. 212 ಲೈಕ್ ಬಂತು, ನನ್ನ ಜನ್ಮದಲ್ಲೇ ಜಾಸ್ತಿ. ಅಡ್ಮಿನ್ ಫ್ಯೂಸಣ್ಣ ಮಾತ್ರ, ಹೊರಗಿನವರು ನೋಡಿ ಸಹಿ ಹಾಕಿದ ಕಾಗದ ತಾ ಗುರು, ನಾಳೆ ಸಂಜೆ ಏಳು ಗಂಟೆಗೆ ಎಲ್ಲಕ್ಕಿಂತ ಮೇಲೆ ಪಿನ್ ಮಾಡ್ತೀನಿ, ಇಲ್ಲಾಂದ್ರೆ ಡಿಲೀಟ್ ಅಂದ.

ಇವತ್ತು ಸಂಜೆ 4:05ಕ್ಕೆ, ಬಲ್ಬ್ ಹತ್ತಿದ್ದು ಕಾಣ್ಲಿ ಅಂತ ಕಿಟಕಿ ಮುಚ್ಚಿ, ಭಾವನ್ನ ಸೈಕಲ್ ಮೇಲೆ ಕೂರಿಸಿದೆ. ಜಾರಬಾರದು ಅಂತ ಎರಡೂ ಕಾಲನ್ನ ಪೆಡಲಿಗೆ ಬೆಲ್ಟಲ್ಲಿ ಕಟ್ಟಿದೆ. ಮೊದಲು ಹೋಲಿಸೋಕೆ ಮಾಮೂಲಿ ಜೋಡಣೆ. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಭಾವನ ಮೀನಖಂಡ ಹಿಡ್ಕೊಂಡಿತು. ಬಿಡೋ ಪಾಪಿ, ಸಾಯಿಸ್ತಿದ್ದಾನೆ, ಯಾರಾದ್ರೂ ಬನ್ರೋ ಅಂತ ಕಿರುಚಿದ್ರು. ಸ್ಟಾಪ್‌ವಾಚ್ ಓಡ್ತಿತ್ತು, ಅದಕ್ಕೆ ಇನ್ನೊಂದೇ ನಿಮಿಷ ಭಾವ ಅಂದೆ. ಆರು ಮೀಟರ್ ಆಚೆ ಇದ್ದ ಟೈಲರಮ್ಮ ಪೊಲೀಸರಿಗೆ ಫೋನ್ ಮಾಡಿದ್ದು ತಪ್ಪಲ್ಲ.

4:20ಕ್ಕೆ ಹೆಡ್ ಕಾನ್‌ಸ್ಟೆಬಲ್ ಮೇಡಂ, ಪೇದೆಯವರು ಬಂದ್ರು. ಬಕಲ್ ಸಿಕ್ಕಿಹಾಕ್ಕೊಂಡು ಭಾವನ ಎಡಗಾಲು ಇನ್ನೂ ಪೆಡಲಲ್ಲೇ ಇತ್ತು. ಕಟ್ಟಿದ್ದು ಯಾರು ಅಂತ ಮೇಡಂ ಕೇಳಿದ್ದಕ್ಕೆ ಭಾವ, ಹೆಂಡತಿ ತಮ್ಮ ಮೇಡಂ, ದೂರು ಕೊಟ್ರೆ ನಂಗೆ ಊಟ ಸಿಗಲ್ಲ ಅಂದ್ರು.

ಹೊರಗಿನವರು, ಅದೂ ಇಬ್ಬರು, ಅದೂ ಯೂನಿಫಾರ್ಮಲ್ಲಿ! ಬಕಲ್ ಬಿಡಿಸಿ ಭಾವನ್ನ ಇಳಿಸಿ, ಕೈ ಮುಗಿದು ಪೇದೆಯವರನ್ನ ಕೂರಿಸಿದೆ. 4:41ಕ್ಕೆ ಏಳನೇ ಜೋಡಣೆ. ತಮ್ಮ ನಾಲ್ಕು ವರ್ಗಾವಣೆಗಳ ಕಥೆ ಹೇಳ್ತಾ ಹನ್ನೊಂದು ನಿಮಿಷ ತುಳಿದ್ರು, ಒಂದು ಹನಿ ಬೆವರಿಲ್ಲ. ಗೆದ್ದೆ ಅಂತ ಕುಣಿದೆ.

ಆಗ ಮೇಡಂ, ಬರ್ಕೊಳ್ಳೋಕೆ ಅಕ್ಷರನೇ ಕಾಣ್ತಿಲ್ಲ, ಬಲ್ಬ್ ಹತ್ತಿದೆ ತಾನೇ ಅಂತ ಕೇಳಿದ್ರು.

ಮೊಬೈಲಲ್ಲಿ ಬೆಳಕು ಅಳೆದೆ: 140 ಲಕ್ಸ್. ಜೋಡಣೆ ಮಾಮೂಲಿಗೆ ಬದಲಾಯಿಸಿದೆ: 310, ಮೂರೇ ನಿಮಿಷಕ್ಕೆ ಪೇದೆಯವರಿಗೂ ಏದುಸಿರು. ಏಳು ಜೋಡಣೆಯಲ್ಲೂ ನಾನು ಭಾವನ ಕಾಲನ್ನೇ ಅಳೆದಿದ್ದೆ. ಬೆಳಕನ್ನ ಒಂದು ಸಲಾನೂ ಅಳೆದಿರಲಿಲ್ಲ.

5:30ಕ್ಕೆ ಠಾಣೆಗೆ ಬಂದ್ವಿ. ಫ್ಯೂಸಣ್ಣ ಕೇಳಿದ ಕಾಗದದಲ್ಲಿ ಮೇಡಂ ‘ಎಳೆತ ಅರ್ಧ ಕಮ್ಮಿಯಾಗಿದ್ದನ್ನು ನೋಡಿದ್ದೇವೆ’ ಅಂತ ಬರೆದು, ಇಷ್ಟು ಸುಳ್ಳಲ್ಲವಲ್ಲ, ಸಹಿ ಹಾಕ್ತೀನಿ, ಫೋಟೋ ಹೊಡ್ಕೋ ಅಂದ್ರು. ಬೇಡ ಮೇಡಂ, ಅದರ ಪಕ್ಕದಲ್ಲೇ ‘ಬೆಳಕು ಅರ್ಧಕ್ಕಿಂತ ಕಮ್ಮಿಯಾಯಿತು’ ಅಂತಾನೂ ಸೇರಿಸಿ ಅಂದೆ. ಸೇರಿಸಿದ್ರು. ಎಂಟನೇದಕ್ಕೆ ಕರಿ, ಬರ್ತೀನಿ, ಬೆಲ್ಟ್ ಮಾತ್ರ ಬೇಡ ಅಂತ ಪೇದೆಯವರು ಹೇಳಿದ್ದಾರೆ.

ಇದನ್ನೆಲ್ಲ ಓದಿಸಿ ಕೇಳಿದೆ, ನಾನು ಹೇಳಿದ್ದೇ ಇದೆ, ಎಲ್ಲ ನಿಜ. ಪೋಸ್ಟನ್ನ 6:14ಕ್ಕೆ ನಾನೇ ಡಿಲೀಟ್ ಮಾಡಿದ್ದೀನಿ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: 14ನೇ ತಾರೀಖು, ಭಾನುವಾರ, ಸಂಜೆ 6:20
ಸಹಿ: ಸುರುಳಿ